ಖಾಲಿ ಮಗ್ಗದ ಸದ್ದು

ಜಾಡರಹಾಳದ ಬಸ್ ನಿಲ್ದಾಣದ ನೆತ್ತಿಯ ಮೇಲೆ ಮನೆಬಾಗಿಲಿನಷ್ಟು ದೊಡ್ಡ ಫಲಕವೊಂದಿತ್ತು. ಅದರಲ್ಲಿ ಊರು ಎಷ್ಟು ಚೇತರಿಸಿಕೊಂಡಿದೆ ಎಂದು ಹೇಳುವ ಒಂದೇ ಒಂದು ಅಂಕಿ ಹೊಳೆಯುತ್ತಿತ್ತು. ಆ ಸೋಮವಾರ ಬೆಳಿಗ್ಗೆ ಆ ಅಂಕಿ ಅರವತ್ತೊಂದು. ಮೂರು ವಾರದ ಹಿಂದೆ ಅದು ಇಪ್ಪತ್ತೆರಡಿತ್ತು. ಇಂಥ ಏರಿಕೆ ಕಂಡ ಊರು ಕುಣಿದಾಡಬೇಕು. ಆದರೆ ಫಲಕದ ಕೆಳಗೇ ಒಲೆ ಹಚ್ಚಿಕೊಂಡು ಕೂತ ಚಹಾದ ಗೈಬುಸಾಬ ಕೂಡ ಕತ್ತೆತ್ತಿ ನೋಡಿರಲಿಲ್ಲ.

"ನೋಡ್ರಿ ಕಾಕಾ, ಅರವತ್ತೊಂದಾತು," ಎಂದಳು ದಾನೇಶ್ವರಿ. ಆ ಅಂಕಿಯನ್ನು ಹುಟ್ಟಿಸುವ ಯಂತ್ರ ಅವಳ ಕೈಯಲ್ಲಿತ್ತು. ಊರಿನ ನಾಡಿ ಅಧಿಕಾರಿ ಅವಳೇ.

"ಆಗ್ಲಿ ಬಿಡವಾ," ಎಂದ ಗೈಬುಸಾಬ, ಚಹಾ ಸೋಸುತ್ತ. "ಮೂರು ವಾರದ ಹಿಂದ ದಿನಾ ನಲವತ್ತು ಕಪ್ ಚಹಾ ಹೋಗತಿತ್ತು. ಇವತ್ತೂ ನಲವತ್ತ ಹೋಗತೈತಿ. ನಿನ್ನ ಮಿಷನ್ ಯಾವ ಊರಿಂದು ಅಂಕಿ ತೋರಸಾಕತ್ತೈತೋ, ನಂಗೊತ್ತಿಲ್ಲ. ಈ ಊರಿಂದಂತೂ ಅಲ್ಲ."

ದಾನೇಶ್ವರಿಗೆ ಸಿಟ್ಟು ಬಂತು. ಮಂತ್ರಿಗಳನ್ನು ನಂಬದಿದ್ದರೆ ಬೇಡ, ಯಂತ್ರವನ್ನೂ ನಂಬುವುದಿಲ್ಲವೆಂದರೆ ಹೇಗೆ?

ಜಾಡರಹಾಳದವರು ಹುಟ್ಟಿನಿಂದ ಸಂಶಯದವರಲ್ಲ. ಅವರನ್ನು ಹಾಗೆ ಮಾಡಿದ್ದು ಭಾಷಣಗಳು. ಸಾವಿರದ ನೂರು ವಿದ್ಯುತ್ ಮಗ್ಗಗಳಿದ್ದ ಊರು ಅದು. ಸೀರೆ ನೇಯ್ದು ಬದುಕಿದ ಊರು. ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದಾಗ ಒಬ್ಬ ಮಂತ್ರಿ ಬಂದು ಆರು ತಿಂಗಳಲ್ಲಿ ಎಲ್ಲ ಸರಿಯಾಗುತ್ತದೆ ಎಂದ. ಅವನ ನಂತರ ಬಂದವನು ನೂರು ದಿನ ಎಂದ. ಮೂರನೆಯವನು ಅಂಗೈಯಲ್ಲಿ ಅರಮನೆಯನ್ನೇ ತೋರಿಸಿ, ಶಾಲು ಹೊದಿಸಿಕೊಂಡು ಹೋದ. ಹದಿನೈದು ವರ್ಷ ಹೀಗೆ ಮೂಗಿಗೆ ತುಪ್ಪ ಸವರಿಸಿಕೊಂಡ ಮೇಲೆ ಜನ ಜಗಳವಾಡಲಿಲ್ಲ, ಕಲ್ಲು ತೂರಲಿಲ್ಲ. ಸುಮ್ಮನೆ ಮತ ಹಾಕುವುದನ್ನು ಬಿಟ್ಟರು. ಒಂದು ಚುನಾವಣೆಯಲ್ಲಂತೂ ನೂರಕ್ಕೆ ಹನ್ನೊಂದು ಮಂದಿ ಮಾತ್ರ ಮತಗಟ್ಟೆಗೆ ಬಂದರು, ಅದರಲ್ಲೂ ನಾಲ್ವರು ನೆರಳಿಗೆಂದು ಬಂದವರು. ನಾಡಿನ ಉಳಿದ ಊರುಗಳದೂ ಇದೇ ಪಾಡು.

ಆಗ ಹೆದರಿದ ಸರಕಾರ 'ಮಾತಿನ ಗಡುವು' ಎಂಬ ಕಾಯ್ದೆ ತಂದಿತು. ಯಾವ ನಾಯಕನೇ ಆಗಲಿ, ಊರನ್ನು ಚೇತರಿಸುತ್ತೇನೆಂದರೆ ಎಷ್ಟು, ಯಾವಾಗ ಎಂದು ಜನರೆದುರು ಹೇಳಬೇಕು. ಗಡುವಿನ ದಿನ ಯಂತ್ರ ತೋರಿಸುವ ಅಂಕಿಯೇ ತೀರ್ಪು. ಮುಟ್ಟದಿದ್ದರೆ ಹತ್ತು ವರ್ಷ ಅವನು ಚುನಾವಣೆಗೆ ನಿಲ್ಲುವಂತಿಲ್ಲ. ಮುಟ್ಟಿದರೆ ಮರುದಿನದಿಂದ ಊರಿಗೆ ಕೊಡುತ್ತಿದ್ದ ಪರಿಹಾರ, ಅಂದರೆ ಅರ್ಧ ದರದ ಕರೆಂಟು ಮತ್ತು ತಿಂಗಳ ರೇಷನ್ನು, ತಾನಾಗಿ ನಿಲ್ಲುತ್ತದೆ. ಚೇತರಿಸಿಕೊಂಡ ಊರಿಗೆ ಊರುಗೋಲು ಯಾಕೆ, ಎಂಬುದು ಕಾಯ್ದೆ ಬರೆದವರ ವಾದ.

ಯಂತ್ರದ ಹೆಸರು ನಾಡಿಮಾಪಕ. ಲೆಕ್ಕದ ಪುಸ್ತಕ ತಿದ್ದಬಹುದು, ಮೀಟರು ತಿರುಗಿಸಬಹುದು, ಆದರೆ ಭೂಮಿಗೆ ಲಂಚ ಕೊಡಲಾಗದು ಎಂಬ ನಂಬಿಕೆಯ ಮೇಲೆ ಹುಟ್ಟಿದ್ದು ಅದು. ತೆಂಗಿನಕಾಯಿ ಗಾತ್ರದ ಇನ್ನೂರಾ ಹದಿನಾಲ್ಕು ಹಿತ್ತಾಳೆಯ ಗುಂಡುಗಳನ್ನು ಊರಿನ ಓಣಿಗಳಲ್ಲಿ ಹೂತಿದ್ದರು. ಮಗ್ಗವೊಂದು ನಿಮಿಷಕ್ಕೆ ನೂರೈವತ್ತು ಸಲ ಬಡಿಯುತ್ತದೆ. ಆ ಬಡಿತ ಗೋಡೆಯಿಂದ ತಳಪಾಯಕ್ಕೆ, ತಳಪಾಯದಿಂದ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ನಡುಕವನ್ನು ಗುಂಡುಗಳು ಕೇಳಿಸಿಕೊಂಡು ಎಷ್ಟು ಮಗ್ಗ ಓಡುತ್ತಿವೆ ಎಂದು ಹೇಳುತ್ತವೆ. ಎಲ್ಲ ಮಗ್ಗ ಓಡಿದರೆ ನೂರು. ಯಾವ ನಡುಕ ಮಗ್ಗದ್ದು, ಯಾವುದು ಲಾರಿಯದ್ದು ಎಂದು ಯಂತ್ರಕ್ಕೆ ಕಲಿಸಿದವಳು ದಾನೇಶ್ವರಿ. ನೇಕಾರರ ಮನೆಯ ಮಗಳಿಗಿಂತ ಚೆನ್ನಾಗಿ ಅದನ್ನು ಕಲಿಸುವವರು ಯಾರು?

ಸಚಿವ ಅಪ್ಪಾಸಾಹೇಬ ನಂದಿಹಾಳ ಎರಡು ವರ್ಷದ ಹಿಂದೆ ಎಪ್ಪತ್ತೈದು ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದರು. ಗಡುವು ಇದೇ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ಶಾಲಾ ಸಮವಸ್ತ್ರದ ದೊಡ್ಡ ಆರ್ಡರು ಬಂದಿದೆ, ಅದಕ್ಕೇ ಮಗ್ಗಗಳು ಎದ್ದಿವೆ ಎಂದು ಅವರ ಕಡೆಯವರು ಹೇಳಿದ್ದರು. ದಾನೇಶ್ವರಿ ನಂಬಿದ್ದಳು. ನಂಬಬೇಕೆಂಬ ಆಸೆಯಿತ್ತು, ಅದಕ್ಕೇ ನಂಬಿದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ತಾಯಿ ಕಾಶವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಡುಗೋಡೆಗೆ ಅಂಗೈ ಹಚ್ಚಿ ನಿಂತಿದ್ದಳು. ಗೋಡೆಯ ಆಚೆ ಅಣ್ಣ ಮುರಿಗೆಪ್ಪನ ಮೂರು ಮಗ್ಗಗಳು ಖಟಾಖಟ್ ಎಂದು ಓಡುತ್ತಿದ್ದವು. ನಲವತ್ತು ವರ್ಷ ಮಗ್ಗದ ನಡುವೆ ನಿಂತು ಕಾಶವ್ವನ ಕಿವಿ ಹೋಗಿದ್ದವು. ಈಗ ಅವಳು ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು, ಮಗ್ಗವನ್ನು ಅಂಗೈಯಿಂದ.

"ಏನಾತವ್ವಾ?" ಎಂದು ದಾನೇಶ್ವರಿ ಎದುರಿಗೆ ಬಂದು ಕೇಳಿದಳು.

"ನಿಮ್ಮಣ್ಣನ ಮಗ್ಗದ ಹೊಟ್ಟ್ಯಾಗ ಏನೂ ಇಲ್ಲ," ಎಂದಳು ಕಾಶವ್ವ, ಕಿವಿ ಕೇಳದವರ ಎತ್ತರದ ದನಿಯಲ್ಲಿ. "ಮೂರೂ ಖಾಲಿ. ಎರಡು ವಾರದಿಂದ ನೋಡಾಕತ್ತೀನಿ. ಕೇಳಿದರ ಮಾರಿ ತಿರುವತಾನ."

ದಾನೇಶ್ವರಿ ಹೋಗಿ ಬಾಗಿಲು ತಳ್ಳಿದಳು. ಮುರಿಗೆಪ್ಪ ಸ್ಟೂಲಿನಿಂದ ದಿಗ್ಗನೆ ಎದ್ದ. ಮಗ್ಗಗಳು ಓಡುತ್ತಿದ್ದವು, ಲಾಳಿ ಅತ್ತಿಂದಿತ್ತ ಹಾರುತ್ತಿತ್ತು, ಆದರೆ ಉದ್ದಕ್ಕೆ ಬಿಗಿಯುವ ಹಾಸಿನ ಒಂದೇ ಒಂದು ಎಳೆಯೂ ಇರಲಿಲ್ಲ. ಎಳೆ ತುಂಡಾದಾಗ ಮಗ್ಗ ನಿಲ್ಲಿಸುವ ಕೊಕ್ಕೆಯನ್ನು ತಂತಿಯಿಂದ ಬಿಗಿದು ಕಟ್ಟಿದ್ದ.

ಖಾಲಿ ತೊಟ್ಟಿಲು ತೂಗಬಾರದು, ಖಾಲಿ ಮಗ್ಗ ಓಡಿಸಬಾರದು. ಜಾಡರಹಾಳದಲ್ಲಿ ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುವ ಪಾಠ ಅದು. ತೊಟ್ಟಿಲು ತೂಗಿದರೆ ಕೂಸಿಗೆ ಕೇಡು, ಮಗ್ಗ ಓಡಿಸಿದರೆ ಮನೆಗೆ ಕೇಡು.

"ಅಣ್ಣಾ, ಇದೇನ ಮಾಡಾಕತ್ತಿ?"

"ಮಂತ್ರಿ ಕಡ್ಯಾವ್ರು ದಿನಗೂಲಿ ಕೊಡ್ತಾರ," ಎಂದ ಮುರಿಗೆಪ್ಪ, ಅವಳ ಮುಖ ನೋಡದೆ. "ಶುಕ್ರವಾರದ ತನಕ ಓಡಿಸ್ರಿ ಅಂದಾರ. ನಾ ಒಬ್ಬನ ಅಲ್ಲ, ಓಣಿ ಓಣೀನ ಓಡಸಾಕತ್ತೈತಿ. ನೇಯ್ದರ ಸಿಗಲಾರದ ಕೂಲಿ ನೇಯದ ಸಿಗತೈತಿ. ಏನ ಮಾಡ್ಲಿ ಹೇಳು?"

"ಎಪ್ಪತ್ತೈದು ಮುಟ್ಟಿದರ ಶನಿವಾರದಿಂದ ಕರೆಂಟು ಪೂರಾ ರೇಟು. ರೇಷನ್ ಬಂದ್. ಗೊತ್ತೈತಿಲ್ಲೋ?"

ಮುರಿಗೆಪ್ಪ ನಕ್ಕ. ಅದು ಸಂತೋಷದ ನಗೆಯಾಗಿರಲಿಲ್ಲ. "ಹುಚ್ಚಿ. ಕೊಡ್ತೇವಿ ಅಂದದ್ದನ್ನ ಹದಿನೈದು ವರ್ಷ ಕೊಡಲಿಲ್ಲ. ತಗೀತೇವಿ ಅಂದದ್ದನ್ನ ತಗೀತಾರೇನು? ಅವರ ಯಾವ ಮಾತು ಖರೇ ಆಗೈತಿ?"

ದಾನೇಶ್ವರಿ ಬಾಗಿಲಲ್ಲೇ ಕೂತುಬಿಟ್ಟಳು. ಅಣ್ಣನ ಮೇಲೆ ಸಿಟ್ಟಿಗಿಂತ ತನ್ನ ಮೇಲೆ ಅವಳಿಗೆ ಹೆಚ್ಚು ಸಿಟ್ಟು ಬಂದಿತ್ತು. ಯಂತ್ರಕ್ಕೆ ಲಾರಿ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ, ಮದುವೆಯ ಬ್ಯಾಂಡು ಎಲ್ಲವನ್ನೂ ಬೇರೆ ಮಾಡಲು ಕಲಿಸಿದ್ದಳು. ಖಾಲಿ ಮಗ್ಗವನ್ನು ಮಾತ್ರ ಕಲಿಸಿರಲಿಲ್ಲ. ಬೇರೆ ಊರಿನ ಎಂಜಿನಿಯರ್ ಆಗಿದ್ದರೆ ಮೊದಲ ದಿನವೇ ಕೇಳುತ್ತಿದ್ದ, ಮಗ್ಗವನ್ನು ಸುಮ್ಮನೆ ಓಡಿಸಿದರೆ ಏನಾಗುತ್ತದೆ ಎಂದು. ನೇಕಾರರ ಮಗಳಿಗೆ ಅದು ಹೊಳೆಯಲೇ ಇಲ್ಲ. ಯಾರೂ ಮಾಡಬಾರದ ಕೆಲಸವನ್ನು ಯಾರೂ ಮಾಡುವುದಿಲ್ಲ ಎಂದುಕೊಂಡಿದ್ದಳು.

ನಾಡಿ ಕೇಂದ್ರವಿದ್ದದ್ದು ಹಳೆಯ ನೂಲಿನ ಗೋದಾಮಿನ ಮಹಡಿಯಲ್ಲಿ. ಮಂಗಳವಾರ ಬೆಳಿಗ್ಗೆ ಅವಳು ವಿಷಯ ಹೇಳಿದಾಗ ಮುಖ್ಯ ಎಂಜಿನಿಯರ್ ವಾದಿರಾಜ ಕಟ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಧಾರವಾಡದ ಕಡೆಯ ಮೆತ್ತನೆಯ ಮನುಷ್ಯ, ನಿವೃತ್ತಿಗೆ ಎಂಟು ತಿಂಗಳಿತ್ತು.

"ದೂರು ಕೊಡೋಣಂದ್ರ ತನಿಖಿಗೆ ಆರು ತಿಂಗಳು ಬೇಕು," ಎಂದರು. "ಅಷ್ಟ್ರಾಗ ಗಡುವು ಮುಗದು ಪರಿಹಾರ ನಿಂತಿರ್ತದ. ನಮಗ ಇರೋದು ಒಂದ ದಾರಿ. ಅಧಿಕಾರಿ ಅಳತಿ ತಿದ್ದಬಹುದು ಅಂತ ಕಾಯ್ದೇದಾಗ ಅದ. ಆದ್ರ ಗುಟ್ಟಾಗಿ ಅಲ್ಲ. ಫಲಕದ ಕೆಳಗ ನಿಂತು, ಜನರ ಎದುರಿಗೆ, ತಪ್ಪು ಏನು, ಯಾರದು ಅಂತ ಹೇಳಿ ತಿದ್ದಬೇಕು. ತಪ್ಪು ಮಾಡಿದ ಅಧಿಕಾರಿ ಅವತ್ತ ಕುರ್ಚಿ ಬಿಡಬೇಕು. ವಿಚಾರ ಮಾಡವಾ ದಾನೇಶ್ವರಿ."

"ವಿಚಾರ ಮಾಡೀನಿ ಸರ್. ತಪ್ಪು ನಂದು. ನಾನ ತಿದ್ದತೀನಿ."

ಕಟ್ಟಿಯವರು ಕನ್ನಡಕ ಮತ್ತೆ ಹಾಕಿಕೊಂಡರು. "ಹಂಗಾದ್ರ ಕೂಡು. ತುಂಬಿದ ಮಗ್ಗಕ್ಕೂ ಖಾಲಿ ಮಗ್ಗಕ್ಕೂ ಫರಕ್ ಏನದ, ಹುಡಕೋಣ."

ದಿನವಿಡೀ ಹುಡುಕಿದರು. ಬಡಿತದ ವೇಗ ಎರಡಕ್ಕೂ ಒಂದೇ. ಬಡಿತದ ಬಲದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಂಜೆಗೆ ದಾನೇಶ್ವರಿ ಮೂರು ವರ್ಷದ ಹಿಂದೆ ತಾನೇ ಗದ್ದಲವೆಂದು ತೆಗೆದುಹಾಕಿದ್ದ ಪದರವನ್ನು ತೆರೆದು ನೋಡಿದಳು. ಪ್ರತಿ ಬಡಿತದ ಹಿಂದೆ ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ತಡವಾಗಿ ಒಂದು ಮಂದ ನಡುಕ ಬರುತ್ತದೆ. ತುಂಬಿದ ಮಗ್ಗದಲ್ಲಿ ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ ಹೋಗಿ ಬಟ್ಟೆಗೆ ಕೂಡಿಕೊಳ್ಳುವಾಗ ಆಗುವ ಮೆತ್ತನೆಯ ಗುದ್ದು ಅದು. ಖಾಲಿ ಮಗ್ಗದಲ್ಲಿ ಗುದ್ದಿಸಿಕೊಳ್ಳಲು ಬಟ್ಟೆಯೇ ಇಲ್ಲ. ಅವ್ವನ ಅಂಗೈಗೆ ಸಿಕ್ಕಿದ್ದು ಇದೇ ಇರಬೇಕು.

ಆದರೆ ಇದನ್ನು ಯಂತ್ರಕ್ಕೆ ಕಲಿಸಲು ಎರಡು ಬೇಕಿದ್ದವು: ಕಣ್ಣೆದುರಿಗೇ ನಿಜವಾಗಿ ನೇಯುವ ಒಂದು ಮಗ್ಗ, ಮತ್ತು ಇನ್ನೂರಾ ಹದಿನಾಲ್ಕು ಗುಂಡುಗಳ ನಡುಕವನ್ನು ತುಂಬಿದ್ದು, ಖಾಲಿ ಎಂದು ವಿಂಗಡಿಸಿ ಹೇಳುವ ಗುರು. ಗುರು ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಮಗ್ಗವೂ ಮನೆಯಲ್ಲೇ ಇತ್ತು, ಆದರೆ ಅದನ್ನು ಕೇಳಲು ದಾನೇಶ್ವರಿಗೆ ಬಾಯಿ ಬರಲಿಲ್ಲ.

ನೇಕಾರರ ಮನೆಯಲ್ಲಿ ಕಡೆಯ ಮಗ್ಗವನ್ನು ಬತ್ತಲೆ ಬಿಡುವುದಿಲ್ಲ. ಕೆಲಸ ನಿಂತರೂ ಹಾಸಿನ ತುದಿ ಹಾಗೇ ಉಳಿಸುತ್ತಾರೆ, ಮುಂದೊಂದು ದಿನ ಹೊಸ ಎಳೆ ಅದಕ್ಕೆ ಗಂಟು ಬೀಳಲಿ ಎಂದು. ಪಡಸಾಲೆಯ ಮೂಲೆಯಲ್ಲಿದ್ದ ಕಾಶವ್ವನ ಮಗ್ಗದ ಮೇಲೆ ಗಂಡ ತೀರಿಕೊಂಡ ವರ್ಷ ಉಳಿಸಿದ ಹಾಸು ಒಂಬತ್ತು ವರ್ಷದಿಂದ ಹಾಗೇ ಇತ್ತು. ದಾಳಿಂಬೆ ಬಣ್ಣದ್ದು, ಒಂದು ಸೀರೆಗೆ ಕಡಿಮೆ. ದಿನಾ ಅದರ ದೂಳು ಝಾಡಿಸಿ ದೀಪ ಹಚ್ಚುತ್ತಿದ್ದಳು.

ಮಗಳು ತಡವರಿಸುತ್ತ ಹೇಳಿದ್ದನ್ನು ಕಾಶವ್ವ ತುಟಿ ನೋಡಿಕೊಂಡೇ ಕೇಳಿದಳು.

"ಪೂರಾ ನೇಯಬೇಕೇನು?"

"ಒಂದು ತಾಸರ ಓಡಬೇಕವ್ವಾ. ಅಷ್ಟೊತ್ತಿಗೆ ಹಾಸು ಮುಗದು ಹೋಗತೈತಿ."

ಕಾಶವ್ವ ಮಗ್ಗದ ಮೇಲಿನ ಹಾಸನ್ನು ಕೈಯಿಂದ ಸವರಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಿಮ್ಮಪ್ಪ ಇದ್ದಿದ್ದರ ಅವನೂ ಇದನ್ನ ಮಾಡತಿದ್ದ. ಊರ ಬಾಯಾಗಿನ ರೊಟ್ಟಿ ಹೋಗೂ ಮುಂದ ಹಾಸು ಇಟಗೊಂಡು ಏನ ಪೂಜಿ ಮಾಡ್ಲಿ? ಮುರಿಗ್ಯಾ, ಎಣ್ಣಿ ಕೊಡು."

ಮುರಿಗೆಪ್ಪ ಎಣ್ಣೆಯ ಡಬ್ಬಿ ತಂದ. ಬುಧವಾರ ಬೆಳಿಗ್ಗೆ ಒಂಬತ್ತು ವರ್ಷದ ಮೇಲೆ ಆ ಮಗ್ಗ ಓಡಿತು. ಕಾಶವ್ವ ನೇಯುತ್ತಿದ್ದಷ್ಟು ಹೊತ್ತೂ ಅವನು ಗೋಡೆಗೆ ಆತು ನಿಂತಿದ್ದ. ಕಡೆಯ ಎಳೆ ಜಾರಿ ಮಗ್ಗ ಬರಿದಾದಾಗ ಆಚೆ ಹೋಗಿ ತನ್ನ ಮೂರು ಮಗ್ಗಗಳನ್ನು ನಿಲ್ಲಿಸಿದ. ಯಾರೂ ಅವನಿಗೆ ನಿಲ್ಲಿಸು ಎಂದಿರಲಿಲ್ಲ.

ಆ ಮಧ್ಯಾಹ್ನ ಮತ್ತು ಗುರುವಾರ ಇಡೀ ದಿನ ಕಾಶವ್ವ ನಾಡಿ ಕೇಂದ್ರದಲ್ಲಿ ಕೂತಳು. ಕಟ್ಟಿಯವರು ಒಂದು ಕಬ್ಬಿಣದ ತಟ್ಟೆಯನ್ನು ಯಂತ್ರಕ್ಕೆ ಜೋಡಿಸಿ, ಗುಂಡುಗಳು ಕೇಳಿದ ನಡುಕ ಅದರ ಮೇಲೆ ಬರುವಂತೆ ಮಾಡಿದ್ದರು. ಕಾಶವ್ವ ಅಂಗೈ ಇಟ್ಟು ಹೇಳುತ್ತಿದ್ದಳು: "ಖಾಲಿ. ಖಾಲಿ. ತುಂಬೈತಿ. ಖಾಲಿ. ಇದು ಮಗ್ಗಲ್ಲ, ಯಾರೋ ಖಾರ ಕುಟ್ಟಾಕತ್ತಾರ." ಯಂತ್ರ ಕಲಿಯುತ್ತ ಹೋಯಿತು. ಗುರುವಾರ ಸಂಜೆ ಒಂದು ಗುಂಡಿನ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಕಾಶವ್ವ ಖಾಲಿ ಎಂದಳು, ಯಂತ್ರ ತುಂಬಿದೆ ಎಂದಿತು. ಕಟ್ಟಿಯವರು ಚಪ್ಪಲಿ ಮೆಟ್ಟಿ ಓಣಿಗೆ ಹೋಗಿ ನೋಡಿ ಬಂದರು. ಅಲ್ಲೊಬ್ಬರು ತೆಳ್ಳಗಿನ ಟವೆಲ್ಲು ನೇಯುತ್ತಿದ್ದರು. ಕಾಶವ್ವ ಯಂತ್ರವನ್ನು ದುರುಗುಟ್ಟಿ ನೋಡಿ, "ಕಲೀತು ಬಿಡು, ಇನ್ನ ನನ್ನ ಹಂಗಿಲ್ಲ ಅದಕ್ಕ," ಎಂದು ಎದ್ದಳು.

ಶುಕ್ರವಾರ ಹನ್ನೊಂದೂವರೆಗೆ ಬಸ್ ನಿಲ್ದಾಣದ ಎದುರು ಪೆಂಡಾಲು ತುಂಬಿತ್ತು. ಕರಡಿ ಮಜಲಿನ ವಾದ್ಯದವರು ಬಾರಿಸುತ್ತಿದ್ದರು. ಅಂಕಿ ಎಪ್ಪತ್ತನಾಲ್ಕು. ಅಪ್ಪಾಸಾಹೇಬರು ಹಾರ ಹಾಕಿಸಿಕೊಳ್ಳಲು ತಯಾರಾಗಿ ಗಡಿಯಾರ ನೋಡುತ್ತಿದ್ದರು. ಜನ ಬಂದದ್ದು ಅಂಕಿ ನೋಡಲು ಅಲ್ಲ, ಊಟವಿದೆ ಎಂದು.

ದಾನೇಶ್ವರಿ ಫಲಕದ ಕೆಳಗಿನ ಮೆಟ್ಟಿಲು ಹತ್ತಿ ಮೈಕು ಹಿಡಿದಳು. ಆ ಮೈಕು ಕಾಯ್ದೆ ಪ್ರಕಾರ ನಾಡಿ ಅಧಿಕಾರಿಯದು, ಯಾರೂ ಕಸಿದುಕೊಳ್ಳುವಂತಿರಲಿಲ್ಲ.

"ನಾನು ಕಾಶವ್ವ ಬಾಣಕಾರ ಅವ್ರ ಮಗಳು. ಮ್ಯಾಲಿನ ಅಂಕಿ ಸುಳ್ಳೈತಿ. ತಪ್ಪು ನಂದು. ಖಾಲಿ ಮಗ್ಗ ಯಾರೂ ಓಡಸೂದಿಲ್ಲ ಅಂತ ತಿಳಕೊಂಡು, ಖಾಲಿ ಯಾವುದು, ತುಂಬಿದ್ದು ಯಾವುದು ಅಂತ ಮಿಷನ್ನಿಗೆ ನಾ ಕಲಿಸಲಿಲ್ಲ. ಈಗ ಕಲಿಸೀನಿ. ನಿಮ್ಮೆದುರಿಗೆ ತಿದ್ದಾಕ ಬಂದೀನಿ."

ಮಜಲು ನಿಂತಿತು. ಹಿಂದಿನಿಂದ ಯಾರೋ ಕೂಗಿದರು. "ಇಷ್ಟು ದಿನ ಮಂತ್ರಿಗೋಳು ಸುಳ್ಳ ಹೇಳಿದ್ರು, ಈಗ ಮಿಷನ್ನೂ ಸುಳ್ಳ!" ಜನ ಹೋ ಎಂದು ನಕ್ಕರು.

"ಯಾರ ಖಾಲಿ ಓಡಿಸ್ಯಾರ? ಹೆಸರ ಹೇಳು!" ಎಂದ ವೇದಿಕೆಯ ಮೇಲಿದ್ದ ಒಬ್ಬ ಕಾರ್ಯಕರ್ತ.

ದಾನೇಶ್ವರಿ ಬಾಯಿ ತೆರೆಯುವ ಮೊದಲೇ ಮುರಿಗೆಪ್ಪ ಎದ್ದು ನಿಂತ. "ನಾ ಓಡಿಸೀನಿ. ಮೂರು ಮಗ್ಗ, ಹದಿನೆಂಟು ದಿನ. ನೀನ ಬಂದು ರೊಕ್ಕ ಕೊಟ್ಟಿದ್ದಿ, ಮರತೀ?"

ನಗೆ ನಿಂತಿತು. ಎದುರು ಸಾಲಿನ ಎಷ್ಟೋ ಮಂದಿ ತಲೆ ಕೆಳಗೆ ಹಾಕಿದರು. ಒಬ್ಬ ಮುದುಕ ಮಾತ್ರ ಬಿಡಲಿಲ್ಲ. "ಅಲ್ಲ ತಂಗೀ, ಪರಿಹಾರ ತಗೀತೀವಿ ಅಂತ ಹೆದರಸತಾರ, ಅಷ್ಟ. ಇವರು ಹೇಳಿದ್ದು ಯಾವಾಗ ಮಾಡ್ಯಾರ?"

"ಅಜ್ಜಾ, ಕೊಡಾಂವ ಮನಿಷಾ, ಅದಕ್ಕ ಕೊಡಲಿಲ್ಲ," ಎಂದಳು ದಾನೇಶ್ವರಿ. "ತಗಿಯೂದು ಮನಿಷಾ ಅಲ್ಲ. ಹನ್ನೆರಡಕ್ಕ ಎಪ್ಪತ್ತೈದು ಇತ್ತಂದ್ರ ಈ ಮಿಷನ್ನ ತಾನ ಸುದ್ದಿ ಕಳಸತೈತಿ, ಕರೆಂಟು ಆಫೀಸಿಗೆ, ರೇಷನ್ ಅಂಗಡಿಗೆ. ಯಾರನ್ನೂ ಕೇಳೂದಿಲ್ಲ. ಅದು ಹೇಳಿದ್ದನ್ನ ಮಾಡತೈತಿ. ನಮಗ ಅಂಥವರ ರೂಢಿ ತಪ್ಪೈತಿ."

ಹನ್ನೆರಡಕ್ಕೆ ಆರು ನಿಮಿಷವಿತ್ತು. ಅಪ್ಪಾಸಾಹೇಬರು ಕೈ ಎತ್ತಿ ಏನೋ ಹೇಳಲು ಹೊರಟರು, ಅವರ ಮೈಕಿನ ಕಡೆ ಯಾರೂ ತಿರುಗಲಿಲ್ಲ. ಕಟ್ಟಿಯವರು ಫಲಕದ ಕೆಳಗಿನ ಯಂತ್ರದ ಪೆಟ್ಟಿಗೆ ತೆರೆದರು, ದಾನೇಶ್ವರಿ ಹೊಸ ಅಳತೆಯನ್ನು ಯಂತ್ರಕ್ಕೆ ಕೊಟ್ಟಳು. ಫಲಕ ಒಮ್ಮೆ ಕಪ್ಪಾಯಿತು. ಮತ್ತೆ ಹೊತ್ತಿಕೊಂಡಾಗ ಅರವತ್ತೆರಡು. ಗುಂಡುಗಳು ಒಂದೊಂದಾಗಿ ಹೊಸ ಪಾಠ ಒಪ್ಪಿಸುತ್ತ ಬಂದಂತೆ ನಲವತ್ತಾಯಿತು, ಇಪ್ಪತ್ತೇಳಾಯಿತು, ಇಪ್ಪತ್ತೊಂದಾಯಿತು. ಕಡೆಗೆ ಹತ್ತೊಂಬತ್ತರಲ್ಲಿ ನಿಂತಿತು.

ಮೂರು ವರ್ಷದಲ್ಲಿ ಮೊದಲ ಸಲ ಜಾಡರಹಾಳದ ಜನ ಆ ಫಲಕವನ್ನು ನೋಡುತ್ತಿದ್ದರು. ಗೈಬುಸಾಬ ಚಹಾದ ಸೋಸಣಿಕೆ ಹಿಡಿದುಕೊಂಡೇ ಒಲೆಯ ಹಿಂದಿನಿಂದ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಕತ್ತೆತ್ತಿದ.

"ಹೂಂ," ಎಂದ. "ಇದು ನಮ್ಮೂರು."

ಅಪ್ಪಾಸಾಹೇಬರು ಕಾರು ಹತ್ತುವ ಮುಂಚೆ ಅವಳ ಹತ್ತಿರ ನಿಂತರು. "ನನ್ನ ಮುಗಿಸಿಬಿಟ್ಟಿ ತಂಗಿ," ಎಂದರು, ಸಿಟ್ಟಿಗಿಂತ ದಣಿವಿನಿಂದ. "ಖರೇ ಅಂಕಿ ಹಿಂಗ ಹೊರಗ ಬರತೈತಿ ಅಂತ ಮೊದಲ ಗೊತ್ತಿದ್ದರ ನಾ ಇಪ್ಪತ್ತೈದು ಅಂತಿದ್ದೆ."

"ಮುಂದ ಬರಾಂವರು ಹಂಗ ಹೇಳ್ಲಿ ಸಾಹೇಬ್ರ. ಇಪ್ಪತ್ತೈದು ಅಂದ್ರ ನಮಗೂ ನಂಬಾಕ ಬರತೈತಿ."

ನಾಡಿ ಕೇಂದ್ರದ ಬೀಗದ ಕೈಯನ್ನು ಕಟ್ಟಿಯವರಿಗೆ ಕೊಟ್ಟು ದಾನೇಶ್ವರಿ ಮನೆಗೆ ನಡೆದಳು. ದಾರಿಯಲ್ಲಿ ಅವಳಿಗೆ ಅಳು ಬಂತು, ಅತ್ತಳು. ಆ ಕೆಲಸವನ್ನು ಅವಳು ಪ್ರೀತಿಸಿದ್ದಳು. ಆದರೆ ಕಾಲು ನಿಧಾನ ಮಾಡಲಿಲ್ಲ.

ಹದಿನೈದು ದಿನದ ಮೇಲೆ ಮುರಿಗೆಪ್ಪ ಸೈಕಲ್ಲಿನ ಹಿಂದೆ ಒಂದು ಗಂಟು ಕಟ್ಟಿಕೊಂಡು ಬಂದ. ಪಡಸಾಲೆಯಲ್ಲಿ ಬಿಚ್ಚಿದರೆ ದಾಳಿಂಬೆ ಬಣ್ಣದ ನೂಲು. ಕಾಶವ್ವ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದಳು.

"ಆ ರೊಕ್ಕದ್ದೇನು?"

"ಹೂಂ. ರೊಕ್ಕ ಸುಳ್ಳಿಂದು," ಎಂದ ಮುರಿಗೆಪ್ಪ, ಅವಳಿಗೆ ಕಾಣುವಂತೆ ಎದುರಿಗೆ ಕೂತು. "ನೂಲು ಖರೇದ್ದು. ಬ್ಯಾಡಂದ್ರ ತಿರುಗಿ ಕೊಟ್ಟು ಬರ್ತೀನಿ."

ಕಾಶವ್ವ ಒಂದು ಎಳೆ ಎಳೆದು ಬೆರಳಿಗೆ ಸುತ್ತಿ ನೋಡಿದಳು. ನೂಲಿನ ಗಂಟು ಎತ್ತಿಕೊಂಡು ಮಗ್ಗದ ಮುಂದೆ ಕೂತಳು. ಹಳೆಯ ಹಾಸು ಮುಗಿದಿದ್ದರಿಂದ ಗಂಟು ಹಾಕಲು ಹಳೆಯ ಎಳೆ ಇರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಒಂದೊಂದಾಗಿ ಪೋಣಿಸಬೇಕಿತ್ತು. ಮೂವರೂ ಸೇರಿ ನಾಲ್ಕು ದಿನ ಪೋಣಿಸಿದರು. ಐದನೆಯ ದಿನ ಮಗ್ಗ ಓಡಿತು. ಕಾಶವ್ವ ಎದ್ದು ಹೋಗಿ ನಡುಗೋಡೆಗೆ ಅಂಗೈ ಹಚ್ಚಿದಳು.

"ತುಂಬೈತಿ," ಎಂದಳು.

ಅಷ್ಟರಲ್ಲಿ ಗೈಬುಸಾಬ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಬೆಳಗಿನಿಂದ ಅರ್ಧ ಊರು ಫಲಕದ ಕೆಳಗೆ ನಿಂತು ಕಾಯುತ್ತಿತ್ತಂತೆ, ಕಾಶವ್ವನ ಮಗ್ಗ ಓಡಿದರೆ ಅಂಕಿ ಏರುತ್ತದೆಯೇ ಎಂದು ನೋಡಲು.

"ಏರಲಿಲ್ಲವಾ," ಎಂದ. "ಹತ್ತೊಂಬತ್ತ ಐತಿ. ನಿಮ್ಮ ಮನಿ ಮಗ್ಗ ಅಂತ ಹೇಳಿ ಒಂದು ಗೀರೂ ಮ್ಯಾಲ ಹೋಗಲಿಲ್ಲ." ಹೇಳುವಾಗ ಅವನ ಮುಖದಲ್ಲಿ ಯಾಕೋ ತೃಪ್ತಿಯಿತ್ತು.

ದಾನೇಶ್ವರಿ ನಕ್ಕಳು. "ಹೋಗೂದಿಲ್ಲ ಕಾಕಾ. ಊರಾಗ ಸಾವಿರದ ನೂರು ಮಗ್ಗ. ಒಂದು ಅಂಕಿ ಏರಬೇಕಂದ್ರ ಹನ್ನೊಂದು ಮಗ್ಗ ತುಂಬಿ ಓಡಬೇಕು."

"ಏನಂದ್ಲು?" ಎಂದು ಕೂಗಿದಳು ಕಾಶವ್ವ.

ಮಗಳು ತಾಯಿಯ ಮುಂದೆ ಎರಡೂ ಕೈಯ ಹತ್ತು ಬೆರಳು ಎತ್ತಿ ಹಿಡಿದಳು. "ಇನ್ನ ಹತ್ತು ಬೇಕು!"

ಕಾಶವ್ವ ಗೋಡೆಯಿಂದ ಕೈ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಹುಡುಕಿದಳು.

"ಮತ್ತ ನನ್ನ ಮಾರಿ ಏನ ನೋಡತೀರಿ? ಬಾಜೂ ಮನಿಯಿಂದ ಚಾಲೂ ಮಾಡೂಣು. ಏಳ್ರಿ."